ಪದಚರ್ಚೆ: ಡೇಟಾಬೇಸಿನ ‘ಕೊಲೇಶನ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಸ್ವಂತ ಸರ್ವರಿನಲ್ಲಿ ನಡೆಸುವ ಕನ್ನಡ ನಿಘಂಟಿಗೆ ಮುಕ್ತ ತಂತ್ರಾಂಶದ ಡೇಟಾಬೇಸ್ ಆರಿಸಬೇಕಾಗಿದೆ. ಕೈಪಿಡಿಯಲ್ಲಿ ‘ಕೊಲೇಶನ್’ ಎಂಬುದನ್ನು ‘ವಿಂಗಡಣೆ’ ಎಂದು ಬರೆಯಬಹುದೇ? ಎಸ್‌ಕ್ಯೂಲೈಟ್ ಸಾಕೇ, ಪೋಸ್ಟ್‌ಗ್ರೆಸ್ ಬೇಕೇ?

ಉತ್ತರ: ‘ವಿಂಗಡಣೆ’ ಬೇಡ. ಅದು ಸಾರ್ಟ್ ಮಾಡುವ ಕೆಲಸದ ಹೆಸರು. ಯಾವ ಅಕ್ಷರ ಮೊದಲು, ಯಾವುದು ಆಮೇಲೆ ಎಂಬ ಕಟ್ಟಳೆಯೇ ಕೊಲೇಶನ್. ‘ಅಕಾರಾದಿ’ ಎಲ್ಲರಿಗೂ ಗೊತ್ತಿರುವ ಮಾತೇ, ಆದರೆ ಅಂಕಿಗಳಿಗೂ ಇಂಗ್ಲಿಷ್ ಪದಗಳಿಗೂ ಒಗ್ಗದು. ‘ವರ್ಣಕ್ರಮ’ ಎಂದರೆ ಎರಡಕ್ಕೂ ಹೊಂದುತ್ತದೆ. ‘ಈ ಕಾಲಂನ ವರ್ಣಕ್ರಮ ಕನ್ನಡ’ ಎಂದು ಸಲೀಸಾಗಿ ಬರೆಯಬಹುದು.

ಡೇಟಾಬೇಸಿನ ಆಯ್ಕೆಯೂ ಇದರ ಮೇಲೆಯೇ ನಿಂತಿದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮೊದಲು. ನಮ್ಮ ನಿಘಂಟುಗಳಲ್ಲಿ ಅದು ‘ಹ’ ಆದಮೇಲೆ. ಎಸ್‌ಕ್ಯೂಲೈಟ್ ತಾನಾಗಿ ಬೈಟುಗಳನ್ನಷ್ಟೇ (ಅಕ್ಷರಗಳನ್ನು ಕಂಪ್ಯೂಟರ್ ಉಳಿಸಿಡುವ ಸಂಖ್ಯೆಗಳನ್ನಷ್ಟೇ) ಹೋಲಿಸುವುದರಿಂದ ಬಲೆ, ಬಳಕೆ, ಬಸವ, ಬಹಳ ಎಂದು ಜೋಡಿಸುತ್ತದೆ. ಬೇಕಾದದ್ದು ಬಲೆ, ಬಸವ, ಬಹಳ, ಬಳಕೆ. ಐಸಿಯು (ಹಲವು ಭಾಷೆಗಳ ಅಕ್ಷರಕ್ರಮ ತಿಳಿದ ಮುಕ್ತ ತಂತ್ರಾಂಶ) ವಿಸ್ತರಣೆಯನ್ನು ಸೇರಿಸಿ ಕಂಪೈಲ್ ಮಾಡಿಕೊಂಡರೆ ಅದರಲ್ಲೂ ಸರಿಪಡಿಸಬಹುದು, ಆದರೆ ಡೇಟಾಬೇಸನ್ನು ತೆರೆಯುವ ಪ್ರತಿಯೊಂದು ಪ್ರೋಗ್ರಾಮಿಗೂ ಆ ವಿಸ್ತರಣೆ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 10ನೇ ಆವೃತ್ತಿಯಿಂದ ಐಸಿಯು ವರ್ಣಕ್ರಮ ಇದೆ. 15ರಿಂದ ಇಡೀ ಡೇಟಾಬೇಸಿಗೇ ಅದನ್ನು ಮೂಲವಾಗಿ ಇಡಬಹುದು. ನಿಘಂಟಿಗೆ ಇದನ್ನೇ ಆರಿಸಿ. ಪದಗಳನ್ನೆಲ್ಲ ತುಂಬುವ ಮೊದಲು ಮೇಲಿನ ನಾಲ್ಕು ಪದಗಳನ್ನು ಹಾಕಿ ನೋಡಿ.

ವರ್ಣಕ್ರಮ ಸರಿಯಿದ್ದರೂ ಹುಡುಕಾಟ ತಪ್ಪಬಹುದು. ‘ಕೋಟೆ’ಯ ಓತ್ವದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬಿಡಿ ತುಣುಕುಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟುಗಳು ಬೇರೆ. ಹಾಗಾಗಿ ಒಂದು ರೂಪದಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಪದ ಒಳಗೆ ಬರುವಾಗಲೇ ನಾರ್ಮಲೈಸ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ (ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೆ ಫಂಕ್ಷನ್ ಇದೆ), ಹುಡುಕುವ ಪದಕ್ಕೂ ಅದನ್ನೇ ಮಾಡಿ.

ಐಸಿಯು ಬಿಟ್ಟು ಆಪರೇಟಿಂಗ್ ಸಿಸ್ಟಮ್ಮಿನ ವರ್ಣಕ್ರಮವನ್ನೇ ನೆಚ್ಚಿದರೆ ಇನ್ನೊಂದು ಅಪಾಯವಿದೆ. ಲಿನಕ್ಸಿನಲ್ಲಿ ಅದನ್ನು ಕೊಡುವ ಜಿಲಿಬ್‌ಸಿ ಲೈಬ್ರರಿಯ 2.28ನೇ ಆವೃತ್ತಿಯಲ್ಲಿ ಆ ಕಟ್ಟಳೆಗಳು ಬದಲಾದವು. ಡೆಬಿಯನ್ ಎಂಬ ಲಿನಕ್ಸಿನ 9ನೇ ಆವೃತ್ತಿಯ ಡೇಟಾ ಫೋಲ್ಡರನ್ನು ಹಾಗೆಯೇ 10ಕ್ಕೆ ಒಯ್ದರೆ ಇಂಡೆಕ್ಸ್ (ಪದವನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಪಟ್ಟಿ) ಹಳೆಯ ಕ್ರಮದಲ್ಲೇ ಉಳಿಯುತ್ತದೆ: ಇರುವ ಪದ ಸಿಗುವುದಿಲ್ಲ, ಒಂದೇ ಪದ ಎರಡು ಸಲ ನುಸುಳಲೂಬಹುದು. ಮದ್ದು ರೀಇಂಡೆಕ್ಸ್, ಅಂದರೆ ಇಂಡೆಕ್ಸನ್ನು ಹೊಸದಾಗಿ ಕಟ್ಟುವುದು. ಐಸಿಯು ಆವೃತ್ತಿ ಬದಲಾದಾಗಲೂ ಇದು ಬೇಕು, ಆದರೆ ಆವೃತ್ತಿ ಹೊಂದದಿದ್ದರೆ ಪೋಸ್ಟ್‌ಗ್ರೆಸ್ ಎಚ್ಚರಿಕೆ ಕೊಡುತ್ತದೆ.

ಅಂದಹಾಗೆ, ಇಂಡೆಕ್ಸ್‌ಗೆ ಕೈಪಿಡಿಯಲ್ಲಿ ‘ಸೂಚಿ’ ಎಂದು ಬರೆಯಿರಿ. ‘ಸೂಚ್ಯಂಕ’ ಎಂದರೆ ಓದುಗರ ಮನಸ್ಸು ಷೇರುಪೇಟೆಗೆ ಹೋಗುತ್ತದೆ.