ಸಹಾಯ ಬೇಕು: ಬೊಂಡಾಸ್ ಒಳಗೆ ಸಿಕ್ಕಿದ್ದು ಹುಳುನಾ?

ಎಲ್ಲರಿಗೂ ನಮಸ್ಕಾರ. ನಿನ್ನೆ ಮೈಸೂರಿನಲ್ಲಿ ಮೀನು ಮಾರ್ಕೆಟ್‌ನಿಂದ ಅರ್ಧ ಕೆಜಿ ಬೊಂಡಾಸ್, ಅಂದ್ರೆ ಸ್ಕ್ವಿಡ್, ತಂದಿದ್ದೆ. ಸೀಳಿ ತೊಳೆಯುವಾಗ ಒಂದರ ಕರುಳಿನ ಹತ್ತಿರ ಬಿಳಿ ದಾರದ ಥರ ಏಳೆಂಟು ಎಳೆ ಸಿಕ್ಕವು, ಎಲ್ಲ ಒಂದೇ ಕಡೆ ಕಟ್ಟು ಕಟ್ಟಿದ ಹಾಗೆ. ಇನ್ನೊಂದರ ಒಳಮೈಗೆ ಬೇರೆ ಥರದ್ದು ಅಂಟಿತ್ತು. ಗಡಿಯಾರದ ಸ್ಪ್ರಿಂಗ್ ಹಾಗೆ ಸುರುಳಿ ಸುತ್ತಿಕೊಂಡಿತ್ತು, ಪಿನ್ನಿನಿಂದ ಬಿಡಿಸಿದರೆ 2 ಸೆಂಟಿಮೀಟರ್ ಬಂತು.

ಗಂಡು ಬೊಂಡಾಸ್‌ನ ವೀರ್ಯದ ಚೀಲಗಳು ಬಿಳಿ ಎಳೆಗಳ ಹಾಗೇ ಇರುತ್ತವೆ, ಜನ ಅದನ್ನೇ ಹುಳು ಅಂದುಕೊಳ್ಳುತ್ತಾರೆ. ಮೊದಲನೆಯದು ಅದೇ ಇರಬೇಕು, ಅಲ್ವಾ? ಆದರೆ ಸುರುಳಿಯದ್ದು ಅನಿಸಾಕಿಸ್, ಅಂದ್ರೆ ಸಮುದ್ರದ ಮೀನು, ಬೊಂಡಾಸ್ ಒಳಗೆ ಇರುವ ಪರಾವಲಂಬಿ ಹುಳು, ಅದರ ಮರಿನಾ?

ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತೆ, ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟರೂ ಸಾಯುತ್ತೆ. ಆದರೆ ಅಲರ್ಜಿ ಇರುವವರಿಗೆ ಸತ್ತ ಹುಳುವೂ ತೊಂದರೆ ಕೊಡಬಹುದು, ನಮ್ಮಮ್ಮನಿಗೆ ಮೊದಲೇ ಕೆಲವು ಮೀನು ತಿಂದರೆ ಮೈಯೆಲ್ಲ ದದ್ದು ಏಳುತ್ತೆ, ಅದಕ್ಕೇ ಭಯ ಜಾಸ್ತಿ.

ಎರಡನ್ನೂ ಸ್ಪಿರಿಟ್ ಹಾಕಿ ಚಿಕ್ಕ ಬಾಟಲಿಯಲ್ಲಿ ಇಟ್ಟಿದ್ದೇನೆ. ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದುವವರು ಯಾರಾದರೂ ಇದ್ದರೆ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಹೇಳುತ್ತೀರಾ? ನಾನೇ ತಂದುಕೊಡುತ್ತೇನೆ. ಉಳಿದ ಬೊಂಡಾಸ್ ಫ್ರೀಜರ್‌ನಲ್ಲಿದೆ, ನಿಮ್ಮ ಉತ್ತರ ಬರೋವರೆಗೂ ಮುಟ್ಟಲ್ಲ.