ಸೀಬೆಹಣ್ಣು ಸಿಗದ ಊರಿನ ಸ್ಪ್ಯಾನಿಷ್ ಕ್ಲಬ್ಬು

ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಈಬೋರ್ ಸಿಟಿ ಎಂಬ ಹಳೆಯ ಬಡಾವಣೆಯಿದೆ. ಅಲ್ಲಿನ ರಸ್ತೆಗಳಲ್ಲಿ ಕೋಳಿಗಳು ಯಜಮಾನರಂತೆ ಓಡಾಡುತ್ತವೆ. ಅವುಗಳನ್ನು ಹಿಡಿಯುವುದಕ್ಕಾಗಲೀ ಹಿಂಸಿಸುವುದಕ್ಕಾಗಲೀ ಊರಿನ ಕಾನೂನು ಒಪ್ಪುವುದಿಲ್ಲ. ಆದ್ದರಿಂದ ಕಳೆದ ಭಾನುವಾರ ನಾವು ನಾಲ್ವರು ಸೆವೆಂತ್ ಅವೆನ್ಯೂವಿನ ಬೆಂಚಿನ ಮೇಲೆ ಕಾಫಿ ಹಿಡಿದು ಕುಳಿತಿದ್ದಾಗ, ಹುಂಜವೊಂದು ಬಂದು ಗೌಡರ ಹೊಸ ಬೂಟಿನ ಮೇಲೆಯೇ ನಿಂತು ಕೂಗಿದರೂ, ಗೌಡರು ಕಾಲು ಅಲುಗಿಸದೆ ಕುಳಿತಿದ್ದರು.

ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ ರಾಯರು ಎದುರಿಗಿದ್ದ ಕೆಂಪು ಇಟ್ಟಿಗೆಯ ಕಟ್ಟಡವನ್ನು ಕನ್ನಡಕ ಸರಿಪಡಿಸಿಕೊಂಡು ನೋಡುತ್ತಿದ್ದರು. ಅದರ ಕಿಟಕಿಗಳ ಕಮಾನು ಮಸೀದಿಯದರಂತೆ, ಬಾಲ್ಕನಿಯ ಕಬ್ಬಿಣದ ಕಟಕಟೆ ಹಳೆಯ ಬಂಗಲೆಯದರಂತೆ ಕಾಣುತ್ತಿತ್ತು. ನೆತ್ತಿಯ ಮೇಲೆ ‘ಸೆಂತ್ರೊ ಎಸ್ಪಾನ್ಯೋಲ್’, ಅಂದರೆ ಸ್ಪೇನಿನವರ ಕೇಂದ್ರ, ಎಂಬ ಹೆಸರು.

“ಇದು ದೊರೆಗಳ ಕ್ಲಬ್ಬಿರಬೇಕು” ಎಂದರು ರಾಯರು. “ನಮ್ಮ ಬೆಂಗಳೂರು ಕ್ಲಬ್ಬಿನ ಹಾಗೆ. 1868ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳಿಗಾಗಿ ಹುಟ್ಟಿದ ಅದಕ್ಕೆ ಚರ್ಚಿಲ್ ಸಾಹೇಬರು ಉಳಿಸಿಹೋದ 13 ರೂಪಾಯಿಯ ಬಾಕಿ ಇಂದಿಗೂ ಲೆಕ್ಕದ ಪುಸ್ತಕದಲ್ಲಿ ಭದ್ರವಾಗಿದೆ.”

“ಇಲ್ಲಿ ಬಾಕಿ ಉಳಿಸಿಕೊಂಡಿದ್ದರೆ ಔಷಧಿ ಸಿಗುತ್ತಿರಲಿಲ್ಲ ರಾಯರೇ” ಎಂದರು ಸರಸಕ್ಕ. ಈ ಊರಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ದಾದಿಯಾಗಿ ದುಡಿದ ಅವರಿಗೆ ಈ ಬಡಾವಣೆಯ ಚರಿತ್ರೆಯೆಂದರೆ ತವರಿನ ಸುದ್ದಿಯಷ್ಟೇ ಅಕ್ಕರೆ. “ಈ ಕ್ಲಬ್ಬಿನ ಸದಸ್ಯರಲ್ಲಿ ಹೆಚ್ಚಿನವರು ದೊರೆಗಳಲ್ಲ, ಚುಟ್ಟಾ ಸುತ್ತುವವರು.”

ಇಷ್ಟಕ್ಕೂ ನಾವು ಅಲ್ಲಿಗೆ ಹೋಗಿದ್ದು ಚರಿತ್ರೆಗಾಗಿ ಅಲ್ಲ. ನಾವೆಲ್ಲ ಸದಸ್ಯರಾಗಿರುವ ಕನ್ನಡ ಕೂಟವೊಂದು ಅದರ ಹಿಂದಿನ ವಾರವಷ್ಟೇ, ಯುಗಾದಿಯ ಹೋಳಿಗೆಗೆ ಹಾಲು ಬಡಿಸಬೇಕೇ ತುಪ್ಪ ಬಡಿಸಬೇಕೇ ಎಂಬ ಪ್ರಶ್ನೆಯ ಮೇಲೆ ಎರಡು ಹೋಳಾಗಿತ್ತು. ತುಪ್ಪದ ಪಕ್ಷದವರಾದ ಗೌಡರು ಹೊಸ ಕೂಟಕ್ಕೆ ಆಜೀವ ಸದಸ್ಯತ್ವದ ಚೆಕ್ಕನ್ನು ಬರೆದು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು, ನಾವು ಅವರ ಮನಸ್ಸನ್ನು ತಿರುಗಿಸಲು ಕಾಫಿಯ ನೆಪ ಹೂಡಿದ್ದೆವು.

“ಸ್ಪೇನಿನವರಿಗೆ ಈ ಊರಿನಲ್ಲಿ ಏನು ಕೆಲಸವಿತ್ತು?” ಎಂದು ಗೌಡರು ಮಾತು ತಿರುಗಿಸಿದರು.

“ಸೀಬೆಹಣ್ಣು ಹುಡುಕುವ ಕೆಲಸ” ಎಂದರು ಸರಸಕ್ಕ.

ನಾವು ನಕ್ಕೆವು. ಆದರೆ ಅದು ನಿಜವಾದ ಸಂಗತಿ. 1884ರಲ್ಲಿ ಗವೀನೊ ಗುತಿಯೆರೆಸ್ ಎಂಬ ಸ್ಪ್ಯಾನಿಷ್ ಎಂಜಿನಿಯರು, ಸೀಬೆಯ ಜೆಲ್ಲಿ ವ್ಯಾಪಾರದ ಗೆಳೆಯನೊಬ್ಬನೊಡನೆ, ಟ್ಯಾಂಪಾದಲ್ಲಿ ಸೀಬೆಮರಗಳು ಹೇರಳವಾಗಿವೆಯೆಂಬ ಸುದ್ದಿಯನ್ನು ನಂಬಿ ಬಂದನು. ಮರಗಳು ಸಿಗಲಿಲ್ಲ, ಆದರೆ ಬಂದರು ಕಂಡಿತು, ಹೊಸದಾಗಿ ಬಂದ ರೈಲು ಕಂಡಿತು, ಹೊಗೆಸೊಪ್ಪಿನ ಎಲೆಯನ್ನು ಒಣಗಗೊಡದ ಬೆವರಿನ ಹವೆಯೂ ಅನುಭವಕ್ಕೆ ಬಂದಿತು. ಆ ಸುದ್ದಿಯನ್ನು ಅವನು ಚುಟ್ಟಾ ಕಾರ್ಖಾನೆಗಳ ಒಡೆಯರಾದ ವಿಸೆಂತೆ ಮಾರ್ತಿನೆಸ್ ಈಬೋರ್ ಮತ್ತು ಇಗ್ನಾಸಿಯೊ ಆಯಾ ಇವರಿಗೆ ಮುಟ್ಟಿಸಿದನು. ಈಬೋರ್ 1885ರಲ್ಲಿ ಊರಾಚೆಯ 40 ಎಕರೆ ಜಾಗಕ್ಕೆ ಕೈಹಾಕಿದಾಗ, ಮಾರುವವನು 9,000 ಡಾಲರಿಗೆ ಕಡಿಮೆ ಇಳಿಯಲಿಲ್ಲ, ಕೊಳ್ಳುವವನು 5,000ಕ್ಕೆ ಮೇಲೆ ಏರಲಿಲ್ಲ. ಕೊನೆಗೆ ಊರಿನ ವರ್ತಕರ ಮಂಡಳಿಯೇ ನಡುವಿನ 4,000 ಡಾಲರನ್ನು ತುಂಬಿಕೊಡಲು ಒಪ್ಪಿ ಅವರನ್ನು ಉಳಿಸಿಕೊಂಡಿತು.

“ಅಂದರೆ ಇಡೀ ಊರು ಪೇರಲೆಹಣ್ಣಿನ ಪ್ರಸಾದ” ಎಂದರು ಹುಬ್ಬಳ್ಳಿಯ ಕಡೆಯ ಗೌಡರು.

“ಸೀಬೆಹಣ್ಣು” ಎಂದು ರಾಯರು ತಿದ್ದಿದರು.

ಇನ್ನೊಂದು ಕೂಟ ಅಲ್ಲಿಯೇ ಒಡೆಯುವ ಲಕ್ಷಣ ಕಂಡು ನಾನು ಅವಸರದಿಂದ, “ಹಾಗಾದರೆ ಕ್ಲಬ್ಬು ಏಕೆ ಬೇಕಾಯಿತು?” ಎಂದು ಕೇಳಿದೆ.

ಸರಸಕ್ಕನವರ ಉತ್ತರ ಉದ್ದವಾಗಿತ್ತು; ಅದರ ಸಾರ ಹೀಗಿದೆ. ಈಬೋರ್‌ನ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದವರಲ್ಲಿ ಕ್ಯೂಬಾದವರೇ ಹೆಚ್ಚು, ಮತ್ತು ಆ ಕಾಲದ ಕ್ಯೂಬಾ ಸ್ಪೇನಿನ ಆಳ್ವಿಕೆಯಿಂದ ಬಿಡಿಸಿಕೊಳ್ಳಲು ಹೆಣಗುತ್ತಿತ್ತು. 1886ರಲ್ಲಿ ಈಬೋರ್ ತನ್ನ ಕಾರ್ಖಾನೆಯನ್ನು ತೆರೆಯಲು ಸಿದ್ಧನಾಗಿದ್ದಾಗ, ಲೆಕ್ಕ ಬರೆಯಲು ಸ್ಪೇನಿನವನನ್ನು ಕೂರಿಸಿದ್ದಾನೆಂಬ ಕಾರಣಕ್ಕೆ ಕ್ಯೂಬಾದ ಕೆಲಸಗಾರರು ಎದ್ದು ನಡೆದರು. ಆ ಗದ್ದಲದಲ್ಲಿ ಊರಿನ ಮೊದಲ ಚುಟ್ಟಾ ಸುತ್ತಿದ ಕೀರ್ತಿ, ಊರಿಗೆ ತನ್ನ ಹೆಸರನ್ನೇ ಕೊಟ್ಟ ಈಬೋರ್‌ಗೆ ತಪ್ಪಿ ಪಕ್ಕದ ಆಯಾನ ಕಾರ್ಖಾನೆಗೆ ಹೋಯಿತು. ಹೀಗೆ ಕ್ಯೂಬಾದವರಿಗೆ ಸ್ಪೇನಿನವರು ಶತ್ರುಗಳು. ಇಂಗ್ಲಿಷ್ ಮಾತನಾಡುವ ಟ್ಯಾಂಪಾದವರಿಗೆ ಇಬ್ಬರೂ ಒಂದೇ ಬಗೆಯ ಪರದೇಶಿಗಳು. ಎರಡೂ ಕಡೆಯಿಂದ ತಳ್ಳಿಸಿಕೊಂಡ ಸ್ಪೇನಿನವರಲ್ಲಿ 186 ಮಂದಿ 1891ರಲ್ಲಿ ಸೇರಿ ಸೆಂತ್ರೊ ಎಸ್ಪಾನ್ಯೋಲ್ ಕಟ್ಟಿದರು. ಸದಸ್ಯನಾಗುವವನು ಹುಟ್ಟಿನಿಂದ ಸ್ಪೇನಿನವನಾಗಿರಬೇಕು, ಇಲ್ಲವೇ ಸ್ಪೇನಿಗೆ ನಿಷ್ಠನಾಗಿರಬೇಕು ಎಂಬುದು ನಿಯಮ. ಅದೇ ವರ್ಷದ ನವೆಂಬರಿನಲ್ಲಿ ಕ್ಯೂಬಾದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಹೊಸೆ ಮಾರ್ತಿ ಇದೇ ಬಡಾವಣೆಗೆ ಬಂದು ಭಾಷಣ ಮಾಡಿದನೆಂಬುದನ್ನು ನೆನೆದರೆ, ನಿಷ್ಠೆಯ ಮಾತನ್ನು ಬರಹದಲ್ಲಿಯೇ ಏಕೆ ಇಟ್ಟರೆಂಬುದು ತಿಳಿಯುತ್ತದೆ.

“ಮೊದಲ ಅಧ್ಯಕ್ಷರು ಯಾರು?”

“ಆಯಾ.”

“ಕ್ಲಬ್ಬಿಗೆ ಆಯಾ ಏತಕ್ಕೆ? ಸದಸ್ಯರು ಕೂಸುಗಳೇನು?” ಎಂದರು ಗೌಡರು.

“ಅದೇ ಕಾರ್ಖಾನೆಯ ಇಗ್ನಾಸಿಯೊ ಆಯಾ. ಆದರೆ ನೀವು ಹೇಳಿದ್ದೂ ಸುಳ್ಳಲ್ಲ. ವಾರಕ್ಕೆ 25 ಸೆಂಟ್ ವಂತಿಗೆ ಕೊಟ್ಟವನಿಗೆ ಕ್ಲಬ್ಬು ಕುಣಿಯಲು ಜಾಗ ಕೊಟ್ಟಿತು, ಡಾಮಿನೊ ಆಡಲು ಮೇಜು ಕೊಟ್ಟಿತು, ಗಾಯವಾದರೆ ಪರಿಹಾರ ಕೊಟ್ಟಿತು, ಸತ್ತರೆ ಮನೆಯವರ ಕೈಗೆ ಒಂದಿಷ್ಟು ಹಣವನ್ನೂ ಕೊಟ್ಟಿತು. ಆಯಾ ಇನ್ನೇನು ಮಾಡುತ್ತಾಳೆ?”

ರಾಯರಿಗೆ ಆ 25 ಸೆಂಟ್ ಮನಸ್ಸಿನಲ್ಲಿ ಕಚ್ಚಿಕೊಂಡಿತು. ಚುಟ್ಟಾ ಸುತ್ತುವವನಿಗೆ ಹೀಗೆ ವಂತಿಗೆ ಹಾಕುವ ರೂಢಿ ಎಲ್ಲಿಂದ ಬಂದಿತೆಂದು ಅವರು ಕೇಳಿದಾಗ, ಸರಸಕ್ಕ ಕಾರ್ಖಾನೆಯೊಳಗಿನ ‘ಲೆಕ್ತೋರ್’ ಎಂಬವನ ವಿಷಯ ತೆಗೆದರು. ನೂರಾರು ಜನ ಸಾಲುಮೇಜುಗಳ ಮುಂದೆ ತಲೆ ತಗ್ಗಿಸಿ ಎಲೆ ಸುತ್ತುತ್ತಿರುವಾಗ, ಎತ್ತರದ ಪೀಠವೊಂದರ ಮೇಲೆ ಕುಳಿತ ಲೆಕ್ತೋರ್ ದೊಡ್ಡ ದನಿಯಲ್ಲಿ ಮೊದಲು ಪತ್ರಿಕೆಯನ್ನೂ ಅನಂತರ ಕಾದಂಬರಿಯನ್ನೂ ಓದುತ್ತಿದ್ದನು. ಅವನ ಸಂಬಳವನ್ನು ಧಣಿ ಕೊಡುತ್ತಿರಲಿಲ್ಲ. ಕೇಳುವ ಕೆಲಸಗಾರರೇ ಚಂದಾ ಎತ್ತಿ ಕೊಡುತ್ತಿದ್ದರು.

“ಅಯ್ಯೋ, ನಮ್ಮ ಗಮಕಿ!” ಎಂದು ರಾಯರು ಬೆಂಚಿನಿಂದ ಅರ್ಧ ಎದ್ದರು. “ಕುಮಾರವ್ಯಾಸನ ಬದಲು ಸ್ಪೇನಿನ ಕಾದಂಬರಿಕಾರ ಸೆರ್ವಾಂಟಿಸ್ ಅಷ್ಟೇ. ಇಂಥವರು ಕ್ಲಬ್ಬು ಕಟ್ಟಿದರೆ ಆಶ್ಚರ್ಯವೇನು? ದಿನವಿಡೀ ಬಾಯಿ ಮುಚ್ಚಿಕೊಂಡು ಕೇಳಿದವನಿಗೆ ಸಂಜೆ ಮಾತನಾಡಲು ಜಾಗ ಬೇಡವೇ?”

ಈ ವಿವರಣೆಯನ್ನು ನಾನು ಯಾವ ಇತಿಹಾಸದ ಪುಸ್ತಕದಲ್ಲಿಯೂ ಓದಿಲ್ಲ, ಆದರೂ ಒಪ್ಪಿಕೊಂಡಿದ್ದೇನೆ. 1931ರಲ್ಲಿ ಕಾರ್ಖಾನೆಯ ಧಣಿಗಳು, ಲೆಕ್ತೋರ್‌ಗಳು ಕ್ರಾಂತಿಯ ಸಾಹಿತ್ಯ ಓದುತ್ತಾರೆಂದು ಅವರನ್ನು ಪೀಠದಿಂದ ಇಳಿಸಿ ರೇಡಿಯೊ ತಂದು ಇಟ್ಟರು.

“ಅದು ಸರಿ, ಇವರೂ ಒಡೆದರೇ?” ಎಂದು ಗೌಡರು ಜೇಬು ಮುಟ್ಟಿಕೊಂಡು ಕೇಳಿದರು. ಅವರಿಗೆ ಬೇಕಾಗಿದ್ದ ಆಧಾರ ಅದೊಂದೇ.

“ಒಡೆಯದೆ ಉಂಟೇ? ಹನ್ನೊಂದೇ ವರ್ಷ” ಎಂದರು ಸರಸಕ್ಕ.

ಟ್ಯಾಂಪಾಕ್ಕೆ ಬಂದ ಸ್ಪೇನಿನವರಲ್ಲಿ ಬಹುಪಾಲು ಉತ್ತರದ ಅಸ್ತೂರಿಯಾಸ್ ಎಂಬ ಮಲೆನಾಡಿನವರು. ಅವರ ಊರಿನಲ್ಲಿ ಬ್ಯಾಗ್‌ಪೈಪು ಊದುತ್ತಾರೆ, ಸೇಬಿನ ಹುಳಿಮದ್ಯವನ್ನು ಸೀಸೆಯನ್ನು ತಲೆಯ ಮೇಲೆತ್ತಿ ಮೊಣಕಾಲಿನ ಬಳಿಯ ಲೋಟಕ್ಕೆ ಸುರಿಯುತ್ತಾರೆ. ಗೌಡರು ತಮ್ಮ ಕಾಫಿಯೊಡನೆ ಆ ಪ್ರಯೋಗ ಮಾಡಲು ಹೊರಟಾಗ ಹುಂಜ ಜಾಗ ಖಾಲಿ ಮಾಡಿತು. ಆದರೆ ಜಗಳ ಹುಟ್ಟಿದ್ದು ಬ್ಯಾಗ್‌ಪೈಪಿನಿಂದಲ್ಲ, ವೈದ್ಯದಿಂದ. ಪರಿಹಾರದ ಹಣ ಸಾಲದು, ಚಿಕಿತ್ಸೆಯೇ ಬೇಕೆಂದು ಕೆಲವರ ಹಟ. ಅಷ್ಟು ದೊಡ್ಡ ಹೊರೆ ಹೊರಲು ಕ್ಲಬ್ಬಿನ ಹಿರಿಯರಿಗೆ ಹಿಂಜರಿಕೆ. 1902ರಲ್ಲಿ ಹಟದವರು ಹೊರಬಂದು ಸೆಂತ್ರೊ ಅಸ್ತುರಿಯಾನೊ ಎಂಬ ಹೊಸ ಕ್ಲಬ್ಬನ್ನು, ಕ್ಯೂಬಾದ ರಾಜಧಾನಿ ಹವಾನಾದಲ್ಲಿದ್ದ ಅದೇ ಹೆಸರಿನ ಕ್ಲಬ್ಬಿನ ಶಾಖೆಯಾಗಿ ತೆರೆದರು.

ಹವಾನಾದ ಆ ತಾಯಿಕ್ಲಬ್ಬು 1886ರದು. ಕೊವಡೋಂಗಾ ಎಂಬ ಅದರ ಆಸ್ಪತ್ರೆಯ ಹೆಸರು ದ್ವೀಪಕ್ಕೆಲ್ಲ ಪರಿಚಿತ. ಆ ಊರಿನ ಸೆಂಟ್ರಲ್ ಪಾರ್ಕಿನ ಒಂದು ಬದಿಯಲ್ಲಿ ಸ್ಪೇನಿನ ಇನ್ನೊಂದು ಪ್ರಾಂತವಾದ ಗಲೀಸಿಯಾದವರ ಕ್ಲಬ್ಬು 1915ರಲ್ಲಿ ಹಳೆಯ ನಾಟಕಶಾಲೆಯೊಂದನ್ನು ಒಡಲಲ್ಲಿಟ್ಟುಕೊಂಡು ಅರಮನೆ ಎಬ್ಬಿಸಿತು. 1918ರಲ್ಲಿ ತಮ್ಮ ಕಟ್ಟಡ ಬೆಂಕಿಗೆ ಆಹುತಿಯಾದ ಮೇಲೆ ಅಸ್ತೂರಿಯಾಸಿನವರು, ತಮ್ಮದು ಅದಕ್ಕೆ ಕಡಿಮೆಯಾಗಬಾರದೆಂಬಂತೆ, 1927ರಲ್ಲಿ ಅದೇ ಪಾರ್ಕಿನ ಇನ್ನೊಂದು ಬದಿಯಲ್ಲಿ ಇನ್ನೊಂದು ಅರಮನೆ ತೆರೆದರು. ಮೆಟ್ಟಿಲ ಮೇಲಿನ ಬಣ್ಣದ ಗಾಜಿನ ಚಾವಣಿಯಲ್ಲಿ ಕೊಲಂಬಸನ ಹಡಗುಗಳಿವೆ. 1959ರ ಕ್ಯೂಬಾ ಕ್ರಾಂತಿಯ ಅನಂತರ ಎರಡೂ ಸರಕಾರದ ಪಾಲಾಗಿ, ಒಂದು ಬ್ಯಾಲೆಯ ರಂಗಮಂದಿರವೆಂದೂ ಇನ್ನೊಂದು ಕಲಾ ವಸ್ತುಸಂಗ್ರಹಾಲಯವೆಂದೂ ಹೆಸರಾದವು.

“ಟ್ಯಾಂಪಾದ ಕಥೆ ಹೇಳಿ” ಎಂದರು ಗೌಡರು. “ಒಡೆದವರು ಉದ್ಧಾರವಾದರೇ?”

“ಆದರು. ಆಸ್ಪತ್ರೆ ಕಟ್ಟಿದರು. ಅದನ್ನು ಕಂಡು ಹಳೆಯ ಕ್ಲಬ್ಬಿಗೂ ಹೊಟ್ಟೆಯುರಿದು ಅವರೂ ಆಸ್ಪತ್ರೆ ಕಟ್ಟಿಸಿದರು. ಹೊಸಬರ ಕಟ್ಟಡ 1912ರಲ್ಲಿ ಸುಟ್ಟುಹೋಯಿತು, 1914ರಲ್ಲಿ ನೆಬ್ರಾಸ್ಕಾ ಅವೆನ್ಯೂವಿನಲ್ಲಿ ಅದಕ್ಕಿಂತ ಭವ್ಯವಾದುದು ಎದ್ದಿತು. 1936ರಲ್ಲಿ ಸರಕಾರ ನಿರುದ್ಯೋಗಿ ಕಲಾವಿದರಿಗಾಗಿ ದೇಶದ ತುಂಬ ನಾಟಕ ಕಂಪನಿಗಳನ್ನು ನಡೆಸಿದಾಗ ಸ್ಪ್ಯಾನಿಷ್ ಭಾಷೆಯ ತಂಡ ಆಡಿದ್ದು ಆ ಕ್ಲಬ್ಬಿನ ರಂಗದ ಮೇಲೆಯೇ.”

ಗೌಡರ ಮುಖ ಅರಳಿತು. ಅವರ ಕೈ ಚೆಕ್ಕಿನ ಕಡೆ ಸರಿಯುತ್ತಿರುವುದನ್ನು ಕಂಡ ಸರಸಕ್ಕ ದನಿ ಬದಲಿಸಿದರು.

“ಆದರೆ ಎಲ್ಲ ಒಡಕೂ ಹೀಗಲ್ಲ ಗೌಡರೇ. ಪಕ್ಕದ ಕ್ಯೂಬಾದವರ ಕ್ಲಬ್ಬಿನಲ್ಲಿ ಮೊದಲು ಬಿಳಿಯರೂ ಕರಿಯರೂ ಕೂಡಿಯೇ ಇದ್ದರು. ಫ್ಲಾರಿಡಾದಲ್ಲಿ ವರ್ಣಭೇದದ ಕಟ್ಟಳೆ ಬಿಗಿಯಾಗುತ್ತಿದ್ದ ಕಾಲ. 1900ರಲ್ಲಿ ಕರಿಯ ಸದಸ್ಯರು ಬೇರೆಯಾಗಬೇಕಾಯಿತು, ಅವರು ತಮ್ಮ ಸಂಘಕ್ಕೆ ಮಾರ್ತಿ ಮತ್ತು ಮಾಸೆಯೊ ಎಂಬ ಇಬ್ಬರು ಕ್ಯೂಬಾ ವೀರರ ಹೆಸರಿಟ್ಟುಕೊಂಡರು. ಒಬ್ಬ ಬಿಳಿಯ, ಒಬ್ಬ ಕರಿಯ. 1965ರಲ್ಲಿ ನಗರ ನವೀಕರಣದ ಹೆಸರಿನಲ್ಲಿ ಅವರ ಕಟ್ಟಡವನ್ನು ಉರುಳಿಸಿದರು.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಹಳದಿ ಟ್ರಾಮೊಂದು ಗಂಟೆ ಬಾರಿಸುತ್ತ ಸಾಗಿಹೋಯಿತು.

ರಾಯರು ಎದ್ದು ರಸ್ತೆ ದಾಟಿ ಕಟ್ಟಡದ ಹತ್ತಿರ ಹೋಗಿ ಇಟ್ಟಿಗೆಯನ್ನು ಕೈಯಿಂದ ಮುಟ್ಟಿ ಬಂದರು. ಇದು 1912ರ ಕಟ್ಟಡ, 1988ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಮಾನ್ಯತೆ ಪಡೆದಿದೆ. ಈಗ ಅಂಗಡಿ, ಹೋಟೆಲುಗಳ ಸಂಕೀರ್ಣದ ಭಾಗವಾಗಿದೆ. ಚುಟ್ಟಾದ ಜಾಗವನ್ನು ಸಿಗರೇಟು, ಕೈಯ ಜಾಗವನ್ನು ಯಂತ್ರ ಹಿಡಿದ ಮೇಲೆ ಕೆಲಸಗಾರರು ಚದುರಿದರು. ವೈದ್ಯಕ್ಕೆ ವಿಮೆ ಬಂದ ಮೇಲೆ ವಂತಿಗೆ ಕೊಡುವ ಕಾರಣವೂ ಸವೆಯಿತು ಎನ್ನುವುದು ಸರಸಕ್ಕನವರ ತೀರ್ಮಾನ. ಕ್ಲಬ್ಬುಗಳ ವೈದ್ಯರನ್ನು ಊರಿನ ಉಳಿದ ವೈದ್ಯರು ಪಂಕ್ತಿಯಿಂದ ಹೊರಗಿಟ್ಟಿದ್ದರಂತೆ. ಅಷ್ಟು ಅಗ್ಗಕ್ಕೆ ಮದ್ದು ಕೊಡುವುದು ಕುಲಕ್ಕೆ ಕುಂದು ಎಂದು.

“ಒಂದು ಸಂದೇಹ” ಎಂದರು ರಾಯರು, ಕೈಯ ಧೂಳು ಕೊಡವುತ್ತ. “ಜಗಳವಾಡಿದ ಈ ಎರಡು ಕ್ಲಬ್ಬಿನವರೂ ಕೊನೆಗೆ ಮಲಗಿದ್ದು ಒಂದೇ ಕಡೆ ತಾನೆ?”

“ಇಲ್ಲ. ಸೆಂತ್ರೊ ಎಸ್ಪಾನ್ಯೋಲಿನ ಸ್ಮಶಾನ ಬೇರೆ, ಸೆಂತ್ರೊ ಅಸ್ತುರಿಯಾನೊದ ಸ್ಮಶಾನ ಬೇರೆ.”

“ಅಲ್ಲಿಯೂ ಆಡಳಿತ ಮಂಡಳಿ ಇರಬಹುದೇ?” ಎಂದು ಗೌಡರು ಗಂಭೀರವಾಗಿಯೇ ಕೇಳಿದರು.

ಸರಸಕ್ಕ ಕಾಫಿಯ ಲೋಟ ಕೆಳಗಿಟ್ಟು ಅವರ ಜೇಬಿನ ಕಡೆ ಬೆರಳು ತೋರಿಸಿದರು. “ಅದಿರಲಿ, ಅಸ್ತೂರಿಯಾಸಿನವರು ಒಡೆದು ಆಸ್ಪತ್ರೆ ಕಟ್ಟಿದರು. ನಿಮ್ಮ ಹೊಸ ಕೂಟದಲ್ಲಿ ಒಬ್ಬ ಡಾಕ್ಟರಾದರೂ ಇದ್ದಾರೆಯೇ?”

“ಇಲ್ಲದೆ ಏನು!” ಎಂದು ಗೌಡರು ಎದೆಯುಬ್ಬಿಸಿದರು. “ತುಪ್ಪದ ಪರವಾಗಿ ಮೊದಲು ಕೈಯೆತ್ತಿದವರೇ ಅವರು. ಹೃದ್ರೋಗ ತಜ್ಞರು.”