ತೇಗದ ಬಾಗಿಲು, ಹಲಸಿನ ಮೇಜು: ಆಯಿಲ್ ಬೇಸಾ, ವಾಟರ್ ಬೇಸಾ?

ಕುಂದಾಪುರ_ಮನೆ:
ಮನೆ ಕೆಲಸ ಮುಗಿಯುತ್ತಾ ಬಂತು. ಮುಂಬಾಗಿಲು ತೇಗದ್ದು, ಪಶ್ಚಿಮಕ್ಕೆ ಮುಖ, ಮಧ್ಯಾಹ್ನದ ಬಿಸಿಲೂ ಬೀಳುತ್ತದೆ, ಮಳೆಗಾಲದಲ್ಲಿ ಎರಚಲೂ ಹೊಡೆಯುತ್ತದೆ. ಮಗಳಿಗೆ ಹಲಸಿನ ಮರದ ಓದುವ ಮೇಜು ಮಾಡಿಸಿದ್ದೇನೆ, ಆ ಹಳದಿ ಬಣ್ಣ ಹಾಗೇ ಉಳಿಯಬೇಕು ಅಂತ ಆಸೆ. ಆಚಾರಿಗಳು ಎರಡಕ್ಕೂ ಆಯಿಲ್ ಬೇಸ್ ವಾರ್ನಿಶ್ ಅನ್ನುತ್ತಾರೆ, ಅಂಗಡಿಯವರು ವಾಟರ್ ಬೇಸ್ ಪಿಯು (ಪಾಲಿಯುರೆಥೇನ್, ಇದೂ ವಾರ್ನಿಶ್ ಥರದ ಪಾಲಿಶ್) ಅನ್ನುತ್ತಾರೆ. ಯಾವುದು ಹಚ್ಚಲಿ?

ಮರಗೆಲಸ_ಮೈಸೂರು:
ಎರಡಕ್ಕೂ ಒಂದೇ ಹಚ್ಚಬೇಕು ಅಂತೇನಿಲ್ಲವಲ್ಲ ಸರ್. ಮೇಜಿಗೆ ವಾಟರ್ ಬೇಸ್ ಹಾಕಿಸಿ. ವಾಸನೆ ಕಡಿಮೆ, ಒಂದೆರಡು ಗಂಟೆಯಲ್ಲಿ ಒಣಗುತ್ತದೆ, ಬ್ರಷ್ ನೀರಲ್ಲೇ ತೊಳೆಯಬಹುದು. ಆಯಿಲ್ ಬೇಸ್ ಹಚ್ಚಿದ ದಿನವೇ ಜೇನಿನ ಬಣ್ಣ ಕೊಡುತ್ತದೆ, ವರ್ಷ ಕಳೆದಂತೆ ಅದು ಇನ್ನೂ ಗಾಢ. ತೇಗಕ್ಕೆ ಚೆಂದ, ಹಲಸಿಗೆ ನಿಮಗೆ ಅದು ಬೇಡ ಅಲ್ವಾ? ಆದರೆ ನೀರು ತಾಗಿದರೆ ಮರದ ನಾರು ಏಳುತ್ತದೆ. ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ 220 ನಂಬರಿನ ಉಪ್ಪು ಕಾಗದದಲ್ಲಿ ಉಜ್ಜಿ, ಮೊದಲ ಕೋಟ್ ಆದಮೇಲೆ ಇನ್ನೂ ನಯವಾದ 320. ಸ್ಟೀಲ್ ವುಲ್ (ಉಜ್ಜುವ ಉಕ್ಕಿನ ಎಳೆಗಳ ಉಂಡೆ) ಮಾತ್ರ ಬೇಡ, ಎಳೆ ಸಿಕ್ಕಿಕೊಂಡರೆ ತುಕ್ಕಿನ ಚುಕ್ಕೆ ಬರುತ್ತದೆ.

ಕಡಲತಡಿ:
ಹಲಸಿನ ಹಳದಿ ಏನು ಹಚ್ಚಿದರೂ ಹಾಗೇ ಉಳಿಯುವುದಿಲ್ಲ, ಬೆಳಕಿಗೆ ಮರವೇ ಕಂದಾಗುತ್ತದೆ. ವಾಟರ್ ಬೇಸ್ ತನ್ನ ಬಣ್ಣ ಸೇರಿಸುವುದಿಲ್ಲ, ಅಷ್ಟೆ. ಕಿಟಕಿಯ ಬಿಸಿಲು ತಾಗದ ಕಡೆ ಇಡಿ.

ಬಾಗಿಲಿಗೆ ಆಯಿಲ್ ಬೇಸ್ ಸರಿ, ಆದರೆ ಡಬ್ಬಿಯ ಮೇಲೆ ಹೊರಗಿನ ಬಳಕೆಗೆ ಅಂತ ಇರಲೇಬೇಕು, ಯುವಿ ತಡೆಯೂ ಬೇಕು. ಒಳಗಿನ ವಾರ್ನಿಶ್ ಪಶ್ಚಿಮದ ಬಿಸಿಲಿಗೆ ಸುಲಿದು ಬರುತ್ತದೆ. ತೇಗದಲ್ಲೇ ಎಣ್ಣೆ ಇರುವುದರಿಂದ ಹಚ್ಚುವ ಸ್ವಲ್ಪ ಮುಂಚೆ ಥಿನ್ನರ್‌ನಲ್ಲಿ ಒರೆಸಿಸಿ, ಇಲ್ಲವಾದರೆ ಕೋಟ್ ಸರಿಯಾಗಿ ಹಿಡಿಯುವುದಿಲ್ಲ. ಬಾಗಿಲಿನ ಮೇಲಿನ, ಕೆಳಗಿನ ಅಂಚಿಗೂ ಹಚ್ಚಿಸಿ. ಕಣ್ಣಿಗೆ ಬೀಳಲ್ಲ ಅಂತ ಎಲ್ಲರೂ ಬಿಡುತ್ತಾರೆ, ಮರ ನೀರು ಜಾಸ್ತಿ ಹೀರುವುದೇ ಅಲ್ಲಿಂದ. ಮಳೆ ಹಿಡಿಯುವ ಮುಂಚೆ ಮುಗಿಸಿ, ತೇವದ ಗಾಳಿಯಲ್ಲಿ ಎರಡೂ ಒಣಗುವುದು ತಡ.

ಕುಂದಾಪುರ_ಮನೆ:
ತುಂಬಾ ಉಪಕಾರ. ಆದರೆ ಮೇಜಿಗೆ ಆಚಾರಿಗಳು ಆಗಲೇ ಒಂದು ಕೈ ಅಗಸೆ ಎಣ್ಣೆ ಒರೆಸಿಬಿಟ್ಟಿದ್ದಾರೆ. ಅದರ ಮೇಲೆ ವಾಟರ್ ಬೇಸ್ ನಿಲ್ಲುತ್ತಾ?

ಮರಗೆಲಸ_ಮೈಸೂರು:
ಎಣ್ಣೆ ಪೂರ್ತಿ ಒಣಗಿದ್ದರೆ ನಿಲ್ಲುತ್ತದೆ. ಬೆರಳಿಗೆ ಅಂಟಿದರೆ, ವಾಸನೆ ಬರುತ್ತಿದ್ದರೆ ಕಾಯಿರಿ, ಕುದಿಸದ ಹಸಿ ಅಗಸೆ ಎಣ್ಣೆ ಒಣಗಲು ವಾರಗಳೇ ಹಿಡಿಯುತ್ತವೆ. ಒಣಗಿದ ಮೇಲೂ ಅನುಮಾನ ಇದ್ದರೆ ಮಧ್ಯೆ ಮೇಣ ತೆಗೆದ ಅರಗಿನ ಪಾಲಿಶ್ ಒಂದು ಕೋಟ್ ಕೊಡಿಸಿ. ಅದಕ್ಕಿಂತ ಮೊದಲು, ಆ ಎಣ್ಣೆ ಒರೆಸಿದ ಬಟ್ಟೆ ಎಲ್ಲಿದೆ ನೋಡಿ ಸರ್. ಮುದ್ದೆ ಮಾಡಿ ಮೂಲೆಗೆ ಹಾಕಿದ್ದರೆ ತಾನಾಗಿ ಬಿಸಿಯಾಗಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಇಲ್ಲವೇ ಬಿಡಿಸಿ ಹೊರಗೆ ಒಣಹಾಕಿ.